ಸೊಂಟನೋವಿಗೆ ಎಂಆರ್‌ಐ ಈಗಲೇ ಬೇಕೇ?

ಪ್ರಶ್ನೆ: ನನ್ನ ಯಜಮಾನರಿಗೆ 50 ವರ್ಷ, ಕೈಮಗ್ಗದ ನೇಕಾರರು. ಹತ್ತು ದಿನಗಳ ಹಿಂದೆ ನೂಲಿನ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ನೋವು ಕಾಲಿಗೆ ಇಳಿದಿಲ್ಲ. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿಬಿಡಿ ಎಂದು ಮೈದುನ ಒತ್ತಾಯಿಸುತ್ತಿದ್ದಾರೆ; ನಮ್ಮ ವೈದ್ಯರು ಕೆಲವು ವಾರ ಕಾಯೋಣ ಎನ್ನುತ್ತಾರೆ. ತಡವಾದರೆ ತೊಂದರೆಯೇ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ನೀವು ಬರೆದಿರುವಷ್ಟನ್ನು ನೋಡಿದರೆ ನಿಮ್ಮ ವೈದ್ಯರ ಮಾತು ಸರಿಯಾಗಿದೆ. ಹೀಗೆ ಹಿಡಿದುಕೊಂಡ ಸೊಂಟನೋವು ಬಹುತೇಕರಲ್ಲಿ ನಾಲ್ಕರಿಂದ ಆರು ವಾರಗಳೊಳಗೆ ಸಾಕಷ್ಟು ತಗ್ಗುತ್ತದೆ. ಅಷ್ಟರೊಳಗೆ ಸ್ಕ್ಯಾನ್ ಮಾಡಿಸಿದರೂ ಕೊಡುವ ಚಿಕಿತ್ಸೆ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಎಂಆರ್‌ಐನಲ್ಲಿ ವಿಕಿರಣವಿಲ್ಲ, ಮಾಡಿಸಿದರೆ ನಷ್ಟವೇನು ಎಂದು ನಿಮ್ಮ ಮೈದುನ ಕೇಳಬಹುದು. ತೊಡಕು ಶುರುವಾಗುವುದು ರಿಪೋರ್ಟು ಕೈಗೆ ಬಂದ ಮೇಲೆ. ಸೊಂಟನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರ ಪ್ರಕಾರ, 50ರ ವಯಸ್ಸಿನವರಲ್ಲಿ ಸುಮಾರು ಶೇ. 80 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿರುತ್ತದೆ, ಶೇ. 60 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಅಂದರೆ ನಿಮ್ಮ ಯಜಮಾನರ ರಿಪೋರ್ಟಿನಲ್ಲಿಯೂ ‘ಡಿಸ್ಕ್ ಬಲ್ಜ್’ ಎಂಬ ಪದ ಬರುವ ಸಂಭವ ಹೆಚ್ಚು, ಈಗಿನ ನೋವಿಗೂ ಅದಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ಆದರೆ ಆ ಪದ ಓದಿದವರು ಬಗ್ಗಲು ಹೆದರುತ್ತಾರೆ, ಮಗ್ಗಕ್ಕೆ ಕೂರುವುದನ್ನು ಬಿಡುತ್ತಾರೆ, ಕೆಲವರು ಬೇಡದ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತಾರೆ.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಗುದದ್ವಾರದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯುವಂತಾದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಸಂಜೆಯ ಹೊತ್ತು ಜ್ವರ, ತೂಕ ಇಳಿಕೆ, ಮಲಗಿದರೂ ತಗ್ಗದ ರಾತ್ರಿನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ; ಹಿಂದೆ ಕ್ಯಾನ್ಸರ್ ಆಗಿದ್ದವರೂ ಕಾಯಬಾರದು. ಇಂಥವರಿಗೆ ಎಂಆರ್‌ಐ ನಿಜವಾಗಿ ಉಪಕಾರಿ. ಇವು ಯಾವುವೂ ಇಲ್ಲದೆ ಆರು ವಾರ ಕಳೆದರೂ ನೋವು ತಗ್ಗದಿದ್ದರೆ ಆಗ ವೈದ್ಯರೊಡನೆ ಸ್ಕ್ಯಾನಿನ ಮಾತೆತ್ತಿ.

ಅಲ್ಲಿಯವರೆಗೆ ಹಾಸಿಗೆ ಹಿಡಿಯುವುದು ಬೇಡ. ಮನೆಯೊಳಗಾದರೂ ಓಡಾಡಲಿ, ತಾಳಿಕೊಳ್ಳುವಷ್ಟು ಹೊತ್ತು ಮಗ್ಗಕ್ಕೂ ಕೂರಲಿ. ನನಗೆ ಎಂಆರ್‌ಐಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಚೀಟಿಯಿಲ್ಲದೆ ಔಷಧದ ಅಂಗಡಿಯಿಂದ ತಂದು ದಿನಾಲೂ ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆ. ಅದು ಜಠರದಲ್ಲಿ ಹುಣ್ಣು ಮಾಡಬಲ್ಲದು, ಬಿಪಿ ಏರಿಸಬಲ್ಲದು, ಮೂತ್ರಪಿಂಡವನ್ನು ಕೆಡಿಸಬಲ್ಲದು. ನಿಮ್ಮವರಿಗೆ ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ ಬರೆಯುವ ಮೊದಲೇ ವೈದ್ಯರಿಗೆ ತಿಳಿಸಿ.