ಬಿದ್ದು ನಾಲ್ಕು ವಾರದ ಮೇಲೆ ಬಂದ ಮರೆವು

ಪ್ರಶ್ನೆ: ತಂದೆಗೆ 74 ವರ್ಷ, ಹೃದಯದ ತೊಂದರೆಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಮಾತ್ರೆ ತೆಗೆದುಕೊಳ್ಳುತ್ತಾರೆ. ನಾಲ್ಕು ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಯಿತು. ಎಚ್ಚರ ತಪ್ಪಿರಲಿಲ್ಲ. ಈಗ ಒಂದು ವಾರದಿಂದ ತಲೆನೋವು, ಮಂಪರು, ಮಾತಿನಲ್ಲಿ ತಡವರಿಕೆ. ಎಡಗಾಲು ಎಳೆದು ನಡೆಯುತ್ತಾರೆ. ಇದು ವಯಸ್ಸಿನ ಮರೆವೇ?

ಉತ್ತರ: ಹಾಗೆಂದು ಸುಮ್ಮನಿರಬೇಡಿ. ಇಂದೇ ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕರೆದೊಯ್ದು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ. ವಯಸ್ಸಿನ ಮರೆವು ಒಂದೇ ವಾರದಲ್ಲಿ ಬರುವುದಿಲ್ಲ, ಒಂದು ಕಾಲನ್ನು ಎಳೆಸುವುದೂ ಇಲ್ಲ. ನಮ್ಮ ಮೊದಲ ಅನುಮಾನ ದೀರ್ಘಕಾಲದ ಸಬ್‌ಡ್ಯೂರಲ್ ಹೆಮಟೋಮಾ, ಅಂದರೆ ಮೆದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ತುಂಬಿಕೊಂಡ ರಕ್ತ.

ವಯಸ್ಸಾದಂತೆ ಮೆದುಳು ಕುಗ್ಗುತ್ತದೆ. ಮೆದುಳಿಗೂ ಹೊರಪೊರೆಗೂ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಆಗ ಜಗ್ಗಿಕೊಂಡಿರುತ್ತವೆ, ಸಣ್ಣ ಪೆಟ್ಟಿಗೂ ಹರಿಯುತ್ತವೆ. ಜಿನುಗಿದ ರಕ್ತದ ಸುತ್ತ ಪೊರೆ ಬೆಳೆದು, ಆ ಪೊರೆಯಿಂದಲೂ ಮತ್ತೆ ಮತ್ತೆ ರಕ್ತ ಒಸರುತ್ತದೆ. ಕುಗ್ಗಿದ ಮೆದುಳಿನ ಸುತ್ತ ಜಾಗವಿರುವುದರಿಂದ ವಾರಗಟ್ಟಲೆ ಏನೂ ಗೊತ್ತಾಗುವುದಿಲ್ಲ. ವಾರ್ಫರಿನ್ ಇದ್ದರೆ ಅಪಾಯ ಇನ್ನೂ ಹೆಚ್ಚು.

ಬಿದ್ದ ದಿನಾಂಕವನ್ನು ಮರೆಯದೆ ಹೇಳಿ. ಸ್ಕ್ಯಾನಿನಲ್ಲಿ ಹೊಸ ರಕ್ತ ಬೆಳ್ಳಗೆ, ಹಳೆಯದು ಕಪ್ಪಗೆ ಕಾಣುತ್ತದೆ. ಎರಡು-ಮೂರು ವಾರದ್ದು ಮೆದುಳಿನ ಬಣ್ಣಕ್ಕೇ ಹತ್ತಿರವಿದ್ದು ಕಣ್ತಪ್ಪಬಹುದು. ಮಾತ್ರೆಗಳನ್ನೂ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ತಿಳಿಸುವ ಪರೀಕ್ಷೆ) ವರದಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರನ್ನು ಕೇಳದೆ ವಾರ್ಫರಿನ್‌ನ ಮುಂದಿನ ಡೋಸ್ ಕೊಡಬೇಡಿ. ತಲೆನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಖಂಡಿತ ಬೇಡ.

ರಕ್ತದ ಪದರ ತೆಳುವಾಗಿದ್ದು ತೊಂದರೆ ಇಲ್ಲದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ಗಮನಿಸಿದರೆ ಸಾಕು. ನಿಮ್ಮ ತಂದೆಗಿರುವಂಥ ಲಕ್ಷಣಗಳಿಗೆ ಅದೇ ಕಾರಣವೆಂದು ತಿಳಿದರೆ, ಸಾಮಾನ್ಯವಾಗಿ ವಿಟಮಿನ್ ಕೆ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೊಟ್ಟು ವಾರ್ಫರಿನ್ ಪರಿಣಾಮ ಇಳಿಸಿ, ಬುರುಡೆಯಲ್ಲಿ ಒಂದೆರಡು ಸಣ್ಣ ರಂಧ್ರ ಕೊರೆದು ರಕ್ತ ಹೊರತೆಗೆಯುತ್ತಾರೆ. ಒಂದೆರಡು ದಿನ ನಳಿಕೆ ಬಿಡುವುದರಿಂದ ಮತ್ತೆ ತುಂಬಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತದೆ. ಆದರೂ ಕೆಲವರಿಗೆ ಮರುಕಳಿಸುತ್ತದೆ. ಮನೆಗೆ ಬಂದ ಮೇಲೂ ನಡಿಗೆ, ಮಾತಿನ ಮೇಲೆ ಕಣ್ಣಿಡಿ. ವಾರ್ಫರಿನ್ ಯಾವಾಗ ಮತ್ತೆ ಶುರು ಮಾಡಬೇಕೆಂದು ಹೃದಯದ ವೈದ್ಯರೂ ಸೇರಿ ನಿರ್ಧರಿಸಬೇಕು.

ಪ್ರಶ್ನೆ: 16 ವರ್ಷದ ಮಗನ ತಲೆಯ ಬದಿಗೆ, ಕಿವಿಯ ಮೇಲೆ ಚೆಂಡು ಬಡಿದು ಕ್ಷಣಕಾಲ ಎಚ್ಚರ ತಪ್ಪಿತು. ಈಗ ಚೆನ್ನಾಗಿ ಮಾತಾಡುತ್ತಿದ್ದಾನೆ. ಬಿಟ್ಟುಬಿಡಬಹುದೇ?

ಉತ್ತರ: ಬೇಡ, ಈಗಲೇ ತೋರಿಸಿ. ಕಿವಿಯ ಮೇಲ್ಭಾಗದಲ್ಲಿ ಮೂಳೆ ತೆಳು. ಅದು ಬಿರಿದರೆ ಒಳಗಿನ ಅಪಧಮನಿ ಹರಿದು, ಸೋರಿದ ರಕ್ತ ಮೆದುಳನ್ನು ಒತ್ತಬಹುದು. ಕೆಲವು ಗಂಟೆ ಚೆನ್ನಾಗಿದ್ದವರೂ ಆಮೇಲೆ ಒಮ್ಮೆಲೇ ಕುಸಿಯುವುದುಂಟು. ಹೆಚ್ಚುವ ತಲೆನೋವು, ಪದೇಪದೇ ವಾಂತಿ, ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ಹಿಗ್ಗುವುದು: ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಿರಿ. ಆಗ ನಿಮಿಷಗಳೂ ಮುಖ್ಯ.