ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಹೊಗೆ, ಬಸ್ಸು: ದೂರು ಯಾರಿಗೆ?

ಪಕ್ಕದ ಮನೆ ಚಿಮಣಿ ಹೊಗೆ, ಸಮಯಕ್ಕೆ ಬಾರದ ಬಸ್ಸು, ಸೋರುವ ಬಸ್ ಸ್ಟಾಪ್ ಶೆಲ್ಟರ್, ಇವಕ್ಕೆಲ್ಲ ದೂರು ಯಾರಿಗೆ ಅಂತ ಕೇಳಿದ್ದೀರಿ. ಹೊಗೆ, ಬಸ್ಸು ಎರಡನ್ನೂ ಸಿಟಿ ಕೌನ್ಸಿಲ್‌ಗೆ ಬರೆದಿದ್ದೀರಿ. ಎಡವಟ್ಟಾಗಿರುವುದು ಬಹುಶಃ ಅಲ್ಲೇ. ಇವೆರಡೂ ಪ್ರಾದೇಶಿಕ ಕೌನ್ಸಿಲ್ ಆದ ಎನ್ವಿರಾನ್‌ಮೆಂಟ್ ಕ್ಯಾಂಟರ್‌ಬರಿಯ ಕೆಲಸ. ಬಸ್ಸಿಗೊಂದು ನಿಗಮ, ಹೊಗೆಗೊಂದು ಮಂಡಳಿ ನೋಡಿ ಬೆಳೆದ ನಮಗೆ ಇದು ವಿಚಿತ್ರವೇ, ಅಲ್ವಾ?

ಮೊದಲು ಹೊಗೆ. ಬೆಂಕಿ ಹಚ್ಚಿದ ಮೊದಲ ಕಾಲು ಗಂಟೆ ಹೊಗೆ ಬರುವುದು ಸಹಜ, ಅದಕ್ಕೆ ದೂರು ಬೇಡ. ಆಮೇಲೂ ದಟ್ಟವಾಗಿ ಬರುತ್ತಿದ್ದರೆ ಬೆಳಕಿರುವಾಗ ಫೋಟೊ ತೆಗೆಯಿರಿ. ವಿಳಾಸ, ಗಂಟೆ ಹಾಕಿ ಸ್ನ್ಯಾಪ್ ಸೆಂಡ್ ಸಾಲ್ವ್ ಆ್ಯಪ್‌ನಲ್ಲಿ ಕಳಿಸಿ. ಮೂರ್ನಾಲ್ಕು ದಿನದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಹಸಿ ಸೌದೆ ಕಾರಣ ಇರಬಹುದು, ಆದರೆ ನೋಡದೆ ಹೇಳಲಾರೆ.

ಬಸ್ಸಿಗೆ, ಮೆಟ್ರೊ (ಇಲ್ಲಿನ ಬಸ್ ಸೇವೆಯ ಹೆಸರು) ವೆಬ್‌ಸೈಟಿನಲ್ಲಿ ನಿಮ್ಮ ರೂಟಿನ ಸೂಚನೆ ಮೊದಲು ನೋಡಿ. ರಸ್ತೆ ಕೆಲಸಕ್ಕೆ ಸ್ಟಾಪ್ ಮುಚ್ಚಿರಲೂಬಹುದು. ಹಾಗೇನೂ ಇಲ್ಲದಿದ್ದರೆ ರೂಟ್ ನಂಬರ್, ಸ್ಟಾಪ್ ನಂಬರ್, ದಿನ, ಟೈಮ್ ಬರೆದು ಅಲ್ಲೇ ದೂರು ಕೊಡಿ. 'ದಿನಾ ಲೇಟು' ಅಂತ ಸುಮ್ನೆ ಬರೆದರೆ ಯಾವ ಬಸ್ಸು ಅಂತ ಅವರು ಹುಡುಕುವುದಾದರೂ ಹೇಗೆ?

ಶೆಲ್ಟರ್ ಸೋರುತ್ತಿದೆ ಅಂದಿದ್ದೀರಲ್ಲ, ಅದು ಮಾತ್ರ ಸಿಟಿ ಕೌನ್ಸಿಲ್‌ಗೇ.