ಮೂಗಿನಲ್ಲೂ ಕಹಿ ಗ್ರಾಹಕ!

ಪ್ರಶ್ನೆ: ರುಚಿಗ್ರಾಹಕಗಳು, ಅಂದರೆ ರುಚಿಯನ್ನು ಗುರುತಿಸುವ ಪ್ರೋಟೀನ್‌ಗಳು, ಇರುವುದು ನಾಲಿಗೆಯಲ್ಲಿ ಮಾತ್ರವೇ? ಉಪ್ಪು ಸವರಿದರೆ ಹಾಗಲಕಾಯಿಯ ಕಹಿ ತಗ್ಗುವುದೇಕೆ?

ಉತ್ತರ: ಅಲ್ಲ. ಸಿಹಿ ಗ್ರಾಹಕ ಸಣ್ಣಕರುಳಿನಲ್ಲೂ ಇದೆ. ಕಹಿಯದ್ದು ಇನ್ನೂ ಸೋಜಿಗ: ಮೂಗಿನ ಒಳಪದರದಲ್ಲಿರುವ ಟಿಎಎಸ್2ಆರ್38 ಎಂಬ ಗ್ರಾಹಕ ಕೆಲವು ಬ್ಯಾಕ್ಟೀರಿಯಾಗಳು ಸೂಸುವ ರಾಸಾಯನಿಕವನ್ನು ಗುರುತಿಸುತ್ತದೆ. ಕೂಡಲೇ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆ ಮಾಡಿ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಸೂಕ್ಷ್ಮ ರೋಮಗಳು ಬಿರುಸಾಗಿ ಬಡಿದು ಲೋಳೆಯನ್ನು ತಳ್ಳುತ್ತವೆ. ಕಹಿ ನಮ್ಮ ಕಾವಲುಗಾರ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಸಿಹಿಗೆ ಮುಖ್ಯವಾಗಿ ಒಂದೇ ಬಗೆಯ ಗ್ರಾಹಕ, ಕಹಿಗೆ ಸುಮಾರು 25.

ಇನ್ನು ಹಾಗಲಕಾಯಿ. ಉಪ್ಪು ಕಹಿರಸವನ್ನು ಹೊರಗೆಳೆಯುತ್ತದೆ, ನಾಲಿಗೆಯಲ್ಲಿ ಸೋಡಿಯಂ ಕಹಿಯ ಸಂಕೇತವನ್ನೂ ಕುಗ್ಗಿಸುತ್ತದೆ. ಅರ್ಧ ಕಿಲೋ ಬಿಲ್ಲೆಗೆ ಒಂದು ಚಮಚ ಉಪ್ಪು ಸವರಿ, ಅರ್ಧ ಗಂಟೆ ಬಿಟ್ಟು, ಗಟ್ಟಿಯಾಗಿ ಹಿಂಡಿ. ಹಿಂಡದಿದ್ದರೆ ಕಹಿರಸ ಅಲ್ಲೇ ಉಳಿದು ಪಲ್ಯ ಉಪ್ಪುಪ್ಪಾಗುತ್ತದೆ.